ಫ್ರಿಜ್ ಬಾಗಿಲ ಮೇಲಿನ ವೀಟೋ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ನೀವೊಮ್ಮೆ ನೋಡಬೇಕಿತ್ತು. ಗಲ್ಫ್ ನಾಡಿನ ಮಂಗಫ್‌ನ ನಾಲ್ಕನೆಯ ಮಹಡಿಯ ಈ ಪುಟ್ಟ ಅಡುಗೆಮನೆಯಲ್ಲಿ ಅಮೆರಿಕದ ಸರ್ಕಾರವೇ ಹಳದಿ ಚೀಟಿಗಳಾಗಿ ಬಂದು ನೆಲೆಸಿತ್ತು. ಮಗಳು ಅನಘಾ ಅಮೆರಿಕನ್ ಪಠ್ಯಕ್ರಮದ ಶಾಲೆಯಲ್ಲಿ ಹತ್ತನೆಯ ತರಗತಿ. ಪರೀಕ್ಷೆಗೆಂದು ಚೀಟಿಗೊಂದು ಪದ ಬರೆದು ಆಯಸ್ಕಾಂತದ ಗುಂಡಿಗಳಿಂದ ಸಿಕ್ಕಿಸಿದ್ದಳು. ರಿಫೈನರಿಯ ಬಸ್ಸಿಳಿದು ಬಂದು, ಚಹಾ ಕುಡಿಯುತ್ತ ಅವುಗಳ ಅರ್ಥ ಕೇಳುವುದು ನನ್ನ ಸಂಜೆಯ ಕೆಲಸ.

ಕಾನೂನು ಮಾಡುವ ಶಾಸಕಾಂಗ, ಅದನ್ನು ನಡೆಸುವ ಕಾರ್ಯಾಂಗ, ತೂಗಿ ನೋಡುವ ನ್ಯಾಯಾಂಗ: ಇಷ್ಟನ್ನು ಧಾರವಾಡದ ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿದವನೇ. ಆದರೆ ಅಮೆರಿಕದವರು ಮೂವರನ್ನೂ ಪರಸ್ಪರರ ಕಾವಲಿಗೆ ಕೂರಿಸಿದ ಬಗೆ ಬೆರಗಿನದು. ಕಾಂಗ್ರೆಸ್ಸು ಒಪ್ಪಿದ ಮಸೂದೆಯನ್ನು ಅಧ್ಯಕ್ಷ ಒಲ್ಲೆನೆಂದು ಹಿಂದಿರುಗಿಸಿದರೆ ವೀಟೋ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮಂದಿ ಮತ್ತೆ ಒಪ್ಪಿದರೆ ಆ ವೀಟೋ ಬಿದ್ದುಹೋಗುತ್ತದೆ, ಅದು ಓವರ್‌ರೈಡ್. ಹಾಗೆ ಆದ ಕಾನೂನೂ ಸಂವಿಧಾನಕ್ಕೆ ಒಗ್ಗದಿದ್ದರೆ ನ್ಯಾಯಾಲಯ ಅದನ್ನು ರದ್ದು ಮಾಡಬಹುದು. ಮನುಷ್ಯನ ಮೇಲೆ ಇಷ್ಟೊಂದು ಅಪನಂಬಿಕೆಯೇ ಎಂದು ಮೊದಲು ನನಗೆ ನಗು ಬಂದಿತ್ತು.

"ನಮ್ಮ ಪ್ಲಾಂಟಿನ್ಯಾಗೂ ಹಿಂಗ ನೋಡವಾ," ಎಂದೆ ಹೆಮ್ಮೆಯಿಂದ. "ಪರ್ಮಿಟ್ ಕೊಡಾಂವ ಒಬ್ಬ, ಪೈಪಿನ್ಯಾಗ ಗ್ಯಾಸ್ ಐತೇನಂತ ನೋಡಾಂವ ಒಬ್ಬ, ವೆಲ್ಡಿಂಗ್ ಮಾಡಾಂವ ಇನ್ನೊಬ್ಬ. ಒಬ್ರ ಸಹಿ ಮತ್ತೊಬ್ರು ಹಾಕಂಗಿಲ್ಲ."

"ನೆವರ್?" ಎಂದಳು. ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ಆಕೆಯ ರೂಢಿ.

ಪರ್ಮಿಟ್ ಕೊಡುವವನು ನಾನು. ಒಮ್ಮೆ ಮತ್ತೊಬ್ಬನ ಸಹಿಯನ್ನೂ ಹಾಕಿದ್ದೆ. ಗ್ಯಾಸ್ ನೋಡುವವನು ತಡಮಾಡಿದ್ದ, ಪೈಪು ಖಾಲಿಯೆಂಬುದು ನನಗೆ ಖಾತ್ರಿಯಿತ್ತು, ಅವನ ಜಾಗದಲ್ಲೂ ನಾನೇ ಗೀಚಿದೆ. ಬಿಹಾರದ ಹಿರಿಯ ವೆಲ್ಡರ್ ಕಾಗದ ನೋಡಿ ವೆಲ್ಡಿಂಗ್ ಟಾರ್ಚನ್ನು ಕೆಳಗಿಟ್ಟ. "ಸಾಬ್, ದೋನೋ ಸೈನ್ ಆಪ್ ಕಾ ಹೈ. ಮೈ ನಹೀ ಜಲಾವೂಂಗಾ." ಎರಡೂ ಸಹಿ ನಿಮ್ಮದೇ, ನಾನು ಹಚ್ಚುವುದಿಲ್ಲವೆಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಗ್ಯಾಸ್ ನೋಡುವವನು ಆಮೇಲೆ ಬಂದು ಅಳೆದರೆ, ಪೈಪಿನಲ್ಲಿ ಗ್ಯಾಸ್ ಇತ್ತು.

ಗೆಳೆಯರೇ, ಮಗಳು 'ನೆವರ್?' ಎಂದ ಆ ಸಂಜೆ ನನ್ನ ಬ್ಯಾಗಿನಲ್ಲಿ ಇನ್ನೊಂದು ಕಾಗದವಿತ್ತು: ಮಗಳನ್ನು ಶಾಲೆ ಬಿಡಿಸುವ ಅರ್ಜಿ. ಪಿಯುಸಿಗೆ ಆಕೆಯನ್ನು ಧಾರವಾಡದ ನನ್ನ ಅಕ್ಕನ ಮನೆಗೆ ಕಳಿಸುವುದೆಂದು ನಾನು ಒಬ್ಬನೇ ತೀರ್ಮಾನಿಸಿದ್ದೆ. "ಆಕಿನ್ನ ಒಂದ್ ಮಾತ್ ಕೇಳ್ರಿ," ಎಂದ ಹೆಂಡತಿಯ ಬಾಯಿ ಮುಚ್ಚಿಸಿದ್ದೆ. ಇಲ್ಲಿ ನಮ್ಮ ಇರವೆಲ್ಲ ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ, ಅದು ಕಫೀಲನ, ಎಂದರೆ ಕೆಲಸ ಕೊಟ್ಟ ಧಣಿಯ, ಸಹಿಯ ಮೇಲೆ. ಹೊರಗೆ ಯಾವುದೂ ತನ್ನ ಕೈಯಲ್ಲಿಲ್ಲದವನು ಮನೆಯೊಳಗೆ ಪೆನ್ನನ್ನು ಬಿಗಿಯಾಗಿ ಹಿಡಿಯುತ್ತಾನೇನೋ. ಬಿಡಲು ಕಾರಣವೇನೆಂಬ ಸಾಲಿನಲ್ಲಿ 'ವಿದ್ಯಾರ್ಥಿನಿಯ ಇಚ್ಛೆಯಂತೆ' ಎಂದು ಬರೆದವನೂ ನಾನೇ. ಮಗಳ ಜಾಗದಲ್ಲಿ ಮತ್ತೆ ನನ್ನದೇ ಅಕ್ಷರ! ನಾಚಿಕೆಯಿಂದ ಕುಗ್ಗಿಹೋದೆ.

ಅರ್ಜಿಯನ್ನು ತೆಗೆದು ಪೆನ್ನಿನೊಡನೆ ಆಕೆಯ ಮುಂದಿಟ್ಟೆ. ಓದಿದಳು. ಕಣ್ಣು ತುಂಬಿಕೊಂಡಿತು. ಆ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದು, ನನ್ನತ್ತ ತಿರುಗಿ ಕನ್ನಡದಲ್ಲೇ ಹೇಳಿದಳು: "ನಾ ಹೋಗೂದಿಲ್ಲಪ್ಪಾ. ಓವರ್‌ರೈಡ್ ಮಾಡಬೇಕಂದ್ರ ಮೂರರಾಗ ಎರಡು ವೋಟ್ ಬೇಕು."

ನಾನು ಹೆಂಡತಿಯ ಕಡೆ ನೋಡಿದೆ. ಆಕೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ನನ್ನ ವೋಟ್ ಆಕೀ ಕಡಿ ರೀ," ಎಂದಳು.

ಪರೀಕ್ಷೆ ಮುಗಿದು ಚೀಟಿಗಳೆಲ್ಲ ಇಳಿದವು. ಬಾಗಿಲ ಮೇಲೆ ಉಳಿದದ್ದು 'ವೀಟೋ' ಮತ್ತು ಅದರ ಗುಂಡಿಯಡಿಯ ಆ ಅರ್ಜಿ. ತಣ್ಣೀರಿಗೆಂದು ಫ್ರಿಜ್ ತೆರೆಯುವಾಗಲೆಲ್ಲ ಮಗಳು ಹೊಡೆದುಹಾಕಿದ ನನ್ನ ಅಕ್ಷರಗಳು ಕಣ್ಣಿಗೆ ಬೀಳುತ್ತವೆ, ಆ ವೆಲ್ಡರ್ ಕೆಳಗಿಟ್ಟ ಟಾರ್ಚು ನೆನಪಾಗುತ್ತದೆ. ಅವನಿಗೆ ನಾನು ಕೃತಜ್ಞತೆ ಹೇಳಲೇ ಇಲ್ಲ. ಮಗಳಿಗೆ ಹೇಳಿದ್ದೇನೆ.