ಕಾಲುವೆಗೆ ನೀರು ಬಂದಮೇಲಿನ ಚುನಾವಣೆ

ಆ ಬೆಳೆಗೆ ಕಾಲುವೆ ನೀರು ಪೋತ್ನಾಳದ ಕಡೆಯ ಕೊನೆಯ ಗದ್ದೆಗಳಿಗೆ ಬರಲೇ ಇಲ್ಲ. ಮೇಲಿನವರು ಪಂಪು ಹಚ್ಚಿ ಎಳೆದುಕೊಳ್ಳುತ್ತಿದ್ದರು. ರಾಯಚೂರಿನ ಕೆಂಪು ಬಾವುಟದ ಪಕ್ಷದಲ್ಲಿ ನಾನು ಪೂರ್ಣಾವಧಿ ಕಾರ್ಯಕರ್ತ. ರೈತರನ್ನು ಕೂಡಿಸಿ ರಸ್ತೆ ತಡೆದೆವು. ಎಲ್ಲರಿಗಿಂತ ಮೊದಲು ಬಂದು ಕುಳಿತವಳು, ಕುರಿ ಮಾರಿ ಗದ್ದೆ ಮಾಡಿದ್ದ ಹಿರಿಯ ಹೆಣ್ಣುಮಗಳು. ಊರಿಗೆಲ್ಲ ದೊಡ್ಡವ್ವ. ಪೊಲೀಸರು ನನ್ನನ್ನು ಜೀಪಿಗೆ ಹತ್ತಿಸಲು ಬಂದಾಗ ಅವಳು ನನ್ನ ತೋಳು ಹಿಡಿದುಕೊಂಡು ಬಿಡಲಿಲ್ಲ.

ಕೊನೆಗೆ ನೀರು ಬಂತು. ಮರುದಿನ ಊರಿಗೆ ಹೋದರೆ ಅಕ್ಕಿ ಗಿರಣಿಯ ಸಾಹುಕಾರನಿಗೆ ಮಾಲೆ ಹಾಕುತ್ತಿದ್ದರು. ಧರಣಿಯ ಕಡೆ ಸುಳಿಯದವನು ಕಾಲುವೆಯ ಗೇಟು ಎತ್ತುವ ಹೊತ್ತಿಗೆ ಬಂದು ನಿಂತಿದ್ದ. ದೊಡ್ಡವ್ವನ ಕೈಯಲ್ಲೂ ಮಾಲೆ ಇತ್ತು. ನನ್ನನ್ನು ಕಂಡು ನಾಚಲಿಲ್ಲ, ಕರೆದು ಪೇಢೆ ಕೊಟ್ಟಳು.

ಚುನಾವಣೆಗೆ ಸಾಹುಕಾರ ನಿಂತ. ನಮ್ಮವರೊಬ್ಬರೂ ನಿಂತರು. ವೋಟು ಕೇಳಲು ದೊಡ್ಡವ್ವನ ಮನೆಗೆ ಹೋದೆ. ರೊಟ್ಟಿ ಹಾಕಿದಳು. ನಾನು ಉಂಡು ಕೈ ತೊಳೆದ ಮೇಲೆ ಹೇಳಿದಳು:

"ಸುಳ್ಳು ಯಾಕ ಹೇಳ್ಲಿ ಯಪ್ಪಾ, ವೋಟು ಅವಂಗ ಹಾಕ್ತೀನಿ. ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ರ ಅವ ಒಂದು ಫೋನ್ ಮಾಡ್ತಾನ, ಹೊಸಾದು ಬರ್ತದ. ನಿಮ್ಮತ್ರ ಬಂದ್ರ ಮತ್ತ ರಸ್ತಾದಾಗ ಕುಂದ್ರಬೇಕು. ಎಷ್ಟಂತ ಕುಂದ್ರೂದು?"

ನಮ್ಮವರು ಗೆದ್ದರೆ ನಾವೂ ಫೋನ್ ಮಾಡಬಹುದಲ್ಲ ಎಂದೆ. ಗೆದ್ದ ಮೇಲೆ ನೋಡೋಣ ಎಂದು ನಕ್ಕಳು. ಆ ನಗುವಿನಲ್ಲಿ ಕುಚೋದ್ಯ ಇರಲಿಲ್ಲ. ಅವಳೂ ದಣಿದಿದ್ದಳು.

ನಮ್ಮ ಅಭ್ಯರ್ಥಿಯ ಠೇವಣಿ ಹೋಯಿತು. ರಾಯಚೂರಿನ ಕಚೇರಿಯಲ್ಲಿ ಸೋಲಿನ ವಿಮರ್ಶೆಗೆ ಕುಳಿತೆವು. ಜಾತಿ, ಹಣ, ಮಠ ಎಂದು ಎಂದಿನ ಮಾತುಗಳೇ ಬಂದವು, ಸುಳ್ಳೂ ಅಲ್ಲ. ನಾನು ದೊಡ್ಡವ್ವನ ಮಾತು ಹೇಳಿದೆ. ಅವಳಿಗೆ ಇನ್ನೂ ರಾಜಕೀಯ ತಿಳಿವಳಿಕೆ ಬಂದಿಲ್ಲ ಎಂದು ಹಿರಿಯರೊಬ್ಬರು ಮುಂದಿನ ವಿಷಯಕ್ಕೆ ಹೋದರು. ಹೋರಾಟದ ದಿನ ನಾವು ಅವಳಿಗೆ ಮನೆಯವರಿದ್ದಂತೆ. ಆದರೆ ಹೋರಾಟವಿಲ್ಲದ ದಿನಗಳೇ ಬದುಕಿನಲ್ಲಿ ಹೆಚ್ಚು. ಆ ದಿನಗಳಲ್ಲಿ ನಾವು ಎಲ್ಲಿರುತ್ತೇವೆ ಎಂದು ಕೇಳಬೇಕೆನಿಸಿತ್ತು.

ಸಭೆ ಮುಗಿಯುವ ಮೊದಲೇ ಗಬ್ಬೂರಿನಿಂದ ಕರೆ ಬಂತು. ರೇಷನ್ ಅಂಗಡಿಯವನು ಅಕ್ಕಿ ಕೊಡಲು ಸತಾಯಿಸುತ್ತಿದ್ದಾನೆ, ಬರ್ರಿ ಅಂದರು ಅಲ್ಲಿನ ಜನ. ಅವರಲ್ಲಿ ನಮಗೆ ವೋಟು ಹಾಕಿದವರು ಯಾರಾದರೂ ಇದ್ದರೋ ಇಲ್ಲವೋ. ದೇವದುರ್ಗದ ಬಸ್ಸು ತುಂಬಿತ್ತು. ಗಬ್ಬೂರಿನ ತನಕ ನಿಂತೇ ಹೋದೆ.