ಲೊಚಗುಟ್ಟಿದ್ದು ಹಲ್ಲಿಯಲ್ಲ

ಫೋನಿನಲ್ಲಿ ಟೈಪ್ ಮಾಡುವುದನ್ನು ಮೊಮ್ಮಗಳೇ ಕಲಿಸಿದಳು. ಕಲಿತ ಕೂಡಲೇ ಅವಳನ್ನು ನೋಡಲು ಬಂದವರ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಅನುಭವಿಸಲಿ.

ಆಗ ನನ್ನ ಕಿವಿಯಲ್ಲಿ ಒಂದು ವರ್ಷದಿಂದ ‘ಟಿಕ್ ಟಿಕ್’ ಸದ್ದು. ಪಕ್ಕ ಕೂತವರಿಗೂ ಕೇಳುತ್ತಿತ್ತು. ಧನಕವಡಿಯ ಕಿವಿ ಡಾಕ್ಟರು ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿದರು. ಕಿರುನಾಲಿಗೆಯ ಮೇಲಿನ ಮೆತ್ತನೆಯ ಅಂಗುಳು ತಾನಾಗಿಯೇ ತಾಳ ಹಾಕಿ ಕುಣಿಯುತ್ತಿತ್ತಂತೆ; ಕಿವಿಯ ಸದ್ದು ಅದರದ್ದೇ. ತಲೆಯ ಸ್ಕ್ಯಾನಿನಲ್ಲಿ ದೋಷವೇನೂ ಕಾಣಲಿಲ್ಲ. ಅಂಗುಳಿಗೆ ಸಣ್ಣ ಇಂಜೆಕ್ಷನ್ ಕೊಟ್ಟರೆ ಕೆಲವು ತಿಂಗಳು ನಿಲ್ಲುತ್ತದೆ, ಆದರೆ ಮೊದಮೊದಲು ಕುಡಿದದ್ದು ಮೂಗಿಗೆ ಬರಬಹುದು ಎಂದರು. ನಾನು ಮುಂದೂಡುತ್ತಲೇ ಬಂದೆ.

ಗಂಡಿನ ಕಡೆಯವರು ಬರುವ ದಿನ ಸೊಸೆ ಎಚ್ಚರಿಸಿದಳು. “ಅತ್ಯಾ, ನಿಮ್ಮ ಬ್ಯಾನಿ ಸುದ್ದಿ ತಗೀಬ್ಯಾಡ್ರಿ. ಮನಿತನದಾಗ ಏನರ ಅದ ಅಂದ್ಕೊಂಡಾರು.”

ಬಾಯಿ ಮುಚ್ಚಿ ಕೂತೆ. ಹುಡುಗನ ಮನೆಯವರು ಮಾರ್ಕೆಟ್ ಯಾರ್ಡಿನ ವ್ಯಾಪಾರಸ್ಥರು. ಅವಲಕ್ಕಿ ತಿಂದು ಎಲ್ಲರೂ ಸುಮ್ಮನಾದಾಗ, ನನ್ನ ಪಕ್ಕ ಕೂತಿದ್ದ ಅವನ ಸೋದರತ್ತೆ ಅಂದಳು: “ಮದವಿ ಆದಮ್ಯಾಲ ಹುಡುಗಿ ನೌಕರಿ ಬಿಡ್ಲಿ. ನಮ್ಮನ್ಯಾಗ ಏನು ಕಮ್ಮಿ ಅದರಿ?”

ಟಿಕ್ ಟಿಕ್ ಟಿಕ್.

ಆಕೆ ಕುರ್ಚಿಯ ಕೈಯನ್ನು ಬೆರಳಿನಿಂದ ಬಡಿದಳು. “ಕೃಷ್ಣ ಕೃಷ್ಣ! ನೋಡ್ರಿ, ಹಲ್ಲೀನೂ ಹೌದಂತು!”

ಹಲ್ಲಿ ನುಡಿದರೆ ಆಡಿದ ಮಾತು ಖರೆ ಎಂದು ನಮ್ಮವರ ನಂಬಿಕೆ. ಎಲ್ಲರೂ ಬೆರಳು ಬಡಿದರು. ಗುಟ್ಟು ಗೊತ್ತಿದ್ದ ಸೊಸೆಯೂ ಬಡಿದಳು! ಕೊಂಢವಾದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಮೊಮ್ಮಗಳು ಮಾತ್ರ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು. ಹೇಳಿದರೆ ಸಂಬಂಧ ಹೋಗಬಹುದು, ಹೇಳದಿದ್ದರೆ ಅವಳ ನೌಕರಿ.

“ಹಲ್ಲಿ ಅಲ್ರಿ, ನಾನು. ನನ್ನ ಅಂಗುಳು ಕುಣೀತದ,” ಎಂದು ಆಕೆಯ ಮುಂದೆ ಬಾಯಿ ಅಗಲಿಸಿದೆ.

ಹುಡುಗ ಮೊಬೈಲಿನ ಟಾರ್ಚ್ ಹಚ್ಚಿ ಇಣುಕಿ ತನ್ನ ಸೋದರತ್ತೆಗೆ ಅಂದ: “ಅತ್ಯಾ, ಖರೇನ ಕುಣೀಲಿಕತ್ತದ!”

“ಯಾರು ಏನಂದ್ರೂ ಹೂಂ ಅಂತದಪಾ ಇದು. ಬೇಕಾದ್ರ ನೀನೂ ಒಂದು ಮಾತು ಅಂದು ನೋಡು,” ಎಂದೆ.

ಅವನು ಮೊಮ್ಮಗಳ ಕಡೆ ತಿರುಗಿ, “ನೌಕರಿ ಬಿಡೂದು ಬ್ಯಾಡ,” ಅಂದ.

ಟಿಕ್ ಟಿಕ್. ಮೊಮ್ಮಗಳು ಟೇಬಲ್ ಬಡಿದಳು, ಸ್ವಲ್ಪ ಜೋರಾಗಿಯೇ. ಸೋದರತ್ತೆ ಬಡಿಯಲಿಲ್ಲ. “ವಿಚಾರ ಮಾಡಿ ಫೋನ್ ಮಾಡ್ತೀವ್ರಿ,” ಎಂದು ಎದ್ದಳು.

ಮರುದಿನವೇ ಸೊಸೆ ನನ್ನನ್ನು ಇಂಜೆಕ್ಷನ್ನಿಗೆ ಎಳೆದೊಯ್ದಳು. ಕೆಲವು ದಿನಗಳಲ್ಲಿ ಸದ್ದು ನಿಂತಿತು, ಚಹಾ ಮೂಗಿಗೆ ಬಂತು. ಫೋನ್ ಮಾತ್ರ ಬರಲಿಲ್ಲ.

ಎರಡನೆಯ ವಾರ ಹುಡುಗನೇ ಫೋನ್ ಮಾಡಿದ. ಇಂಜೆಕ್ಷನ್ನಿನಿಂದಾಗಿ ಮೂಗಿನಲ್ಲಿ ಮಾತಾಡುತ್ತಿದ್ದ ನಾನು ಯಾರೆಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದ: “ಅಜ್ಜೀ, ನಿಶ್ಚಯಕ್ಕ ದಿನಾ ಹಿಡೀಬೇಕು. ಆಕೀಗೆ ಲ್ಯಾಬಿನಾಗ ರಜಾ ಯಾವತ್ತ ಸಿಗ್ತದ?”