ತೆಂಗಿನೆಣ್ಣೆಯ ಕೋಲ್‌ಸ್ಲಾ

ಅಕ್ಕನಿಗೆ ಬಂದ ಮೊದಲ ಆರ್ಡರನ್ನು ಕಲ್ಲು ಮಾಡಿಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಅಮ್ಮ ನನ್ನ ದನಿಯಲ್ಲೇ ಹೇಳಿ ಮುಗಿಸುತ್ತಾರೆ. ಮಿಮಿಕ್ರಿ ರೋಗ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಇರುವುದಲ್ಲ.

ಕಾಪುವಿನ ನಮ್ಮ ಅಡುಗೆಮನೆಯಿಂದಲೇ ತಿಂಡಿ ಮಾಡಿ ಮಾರುತ್ತೇನೆಂದು ಅಕ್ಕ ಊರಿಗೆಲ್ಲ ಹೇಳಿದ್ದಳು. ಯಾರೂ ಕೇಳಿ ಬರಲಿಲ್ಲ. ಕೊನೆಗೆ ಹಿಂದಿನ ಮನೆಯ ಬ್ಯಾರಿ ಆಂಟಿ, ದುಬೈಯಿಂದ ಮಗ ಬರುತ್ತಾನೆ, ಕೋಳಿ ಹುರಿದದ್ದರ ಜೊತೆಗೆ ಕ್ರೀಮಿನಲ್ಲಿ ಕಲಸಿದ ಕ್ಯಾಬೇಜ್ ಸಲಾಡ್, ಅದೇ ಕೋಲ್‌ಸ್ಲಾ ಬೇಕು ಎಂದರು. ಆಂಟಿ ಮೆಚ್ಚಿದರೆ ಇಡೀ ಓಣಿ ಮೆಚ್ಚಿದ ಹಾಗೆ. ಅವರು ಮುಖ ಹಿಂಡಿದರೆ ಅಕ್ಕನ ವ್ಯಾಪಾರ ಅಲ್ಲಿಗೇ ಮುಗಿಯಿತು.

ಮಣಿಪಾಲದಿಂದ ತಂದ ನೇರಳೆ ಕ್ಯಾಬೇಜನ್ನು ಅಕ್ಕ ಅಡ್ಡ ಸೀಳಿದಾಗ ನಾನು ಬಗ್ಗಿ ನೋಡಿದೆ. ಒಳಗೆ ಬಿಳಿ, ನೇರಳೆ ಗೆರೆಗಳು ಒಂದನ್ನೊಂದು ತಬ್ಬಿ ಸುತ್ತಿಕೊಂಡಿದ್ದವು. ಯಾರೂ ನೋಡದ ಜಾಗದಲ್ಲಿ ಇಷ್ಟು ಚೆಂದವಾಗಿ ಮಡಚಿಟ್ಟವರು ಯಾರು? ಅದರ ಮೇಲೆ ಕ್ಯಾರೆಟ್, ಹಳದಿ ಕ್ಯಾಪ್ಸಿಕಂ ಬಿದ್ದಾಗ ಪಾತ್ರೆಗೇ ಬೆಳಕು ಹತ್ತಿಸಿದಂತಾಯಿತು.

ಈ ಸೆಕೆಗೆ ಹಸಿ ಮೊಟ್ಟೆಯ ಮಯೋನೀಸ್ ಬೇಡವೆಂದು ಅಕ್ಕ ಹಾಲು, ಎಣ್ಣೆಯಿಂದಲೇ ಕ್ರೀಮ್ ಮಾಡಲು ಹೊರಟಿದ್ದಳು.

"ಮಿಕ್ಸಿಯಲ್ಲಿ ಹಾಲುಂಟು. ಎಣ್ಣೆ ಸಪೂರ ಧಾರೆಯಾಗಿ ಬಿಡು ಮಾರಾಯ. ನಿನ್ನ ನಾಟಕ ಆಮೇಲೆ," ಎಂದು ಸ್ನಾನಕ್ಕೆ ಹೋದಳು.

ಎಣ್ಣೆಯೆಂದರೆ ನಮ್ಮಲ್ಲಿ ಇನ್ನೇನು? ಕಾರ್ಕಳದ ಮಿಲ್ಲಿನ ತೆಂಗಿನೆಣ್ಣೆಯ ಕ್ಯಾನ್ ಎತ್ತಿದೆ. ಅವಳು ತಂದಿಟ್ಟ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟು ಕಣ್ಣೆದುರಿಗೇ ಇತ್ತು, ನಾನು ಗಮನಿಸಲಿಲ್ಲ. ಮಿಕ್ಸಿಯ ದನಿಯನ್ನು ಅನುಕರಿಸುತ್ತಾ ಎಣ್ಣೆ ಬಿಡುತ್ತಿದ್ದವನು ನಡುವೆ ಆ ಅನುಕರಣೆ ನಿಲ್ಲಿಸಿಬಿಟ್ಟೆ. ನೀರಿನಂಥ ಹಾಲು, ನೀರಿನಂಥ ಎಣ್ಣೆ. ಎರಡೂ ಸೇರಿ ಬೆಣ್ಣೆಯಂತೆ ದಪ್ಪಗೆ ಏಳುತ್ತಿತ್ತು! ನಾನು ಏನೂ ಮಾಡಿರಲಿಲ್ಲ, ಕೈ ಓರೆ ಮಾಡಿದ್ದೆ ಅಷ್ಟೆ.

ಸ್ನಾನ ಮುಗಿಸಿ ಬಂದ ಅಕ್ಕ ಎಲ್ಲವನ್ನೂ ಬೆರೆಸಿ ಫ್ರಿಜ್ಜಿಗಿಟ್ಟಳು. ಅವಳಿಗೆ ನೆಗಡಿ, ವಾಸನೆ ಹತ್ತಲಿಲ್ಲ.

ಮಧ್ಯಾಹ್ನ ಆಂಟಿ ಬಂದರು. ಮುಚ್ಚಳ ತೆಗೆದು ಅಕ್ಕ ಚಮಚ ಹಾಕಿದಳು. ಚಮಚ ಬಾಗಿತು. ತೆಂಗಿನೆಣ್ಣೆ ಹೆಪ್ಪುಗಟ್ಟಿ ಕೋಲ್‌ಸ್ಲಾ ಒಂದೇ ಗಟ್ಟಿಯಾಗಿತ್ತು. ಅಕ್ಕನ ಕಣ್ಣು ತುಂಬಿತು. ನಾನು ಟಿವಿಯ ಅಡುಗೆಯವರ ಗತ್ತಿನಲ್ಲಿ, "ಇದು ಕತ್ತಿಯಲ್ಲಿ ಕೊಯ್ದು ತಿನ್ನುವ ಜಾತಿ, ಆಂಟಿ," ಎಂದೆ. ಯಾರೂ ನಗಲಿಲ್ಲ.

ಆಂಟಿ ಬಗ್ಗಿ ಮೂಸಿದರು. "ತೆಂಗಿನೆಣ್ಣೆ ಅಲ್ವಾ? ಚಳಿಗೆ ಬಾಟಲಿಯಲ್ಲಿ ಗಟ್ಟಿಯಾದರೆ ಎಂತ ಮಾಡುತ್ತೀರಿ ನೀವು?" ಎಂದವರೇ ಪಾತ್ರೆಯನ್ನು ಒಯ್ದು ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟರು.

ನಾವು ಮೂವರೂ ಸುತ್ತ ನಿಂತೆವು. ಅಂಚಿನಿಂದ ಮೆಲ್ಲಗೆ ಹೊಳಪು ಬಂತು. ಒಂದು ಕ್ಯಾರೆಟ್ ಎಳೆ ಸಡಿಲವಾಯಿತು, ಆಮೇಲೆ ಇನ್ನೊಂದು. ನೇರಳೆ ಬಣ್ಣ ಕ್ರೀಮಿಗೆ ಇಳಿದು ಇಡೀ ಪಾತ್ರೆ ತಾವರೆಯ ಬಣ್ಣಕ್ಕೆ ತಿರುಗಿತು.

ಆಂಟಿ ಕಲಸಿ, ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. ಅಕ್ಕ ಉಸಿರು ಬಿಡಲೇ ಇಲ್ಲ. ಆಂಟಿ ಇನ್ನೊಂದು ಚಮಚ ತಿಂದರು.

ತಡೆಯಲಾರದೆ, "ಎಣ್ಣೆ ಹಾಕಿದ್ದು ನಾನು, ಆಂಟಿ," ಎಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. ಅಕ್ಕನಿಗೆ ಹೇಳಿದರು: "ಶುಕ್ರವಾರಕ್ಕೆ ಇದರ ಡಬಲ್ ಬೇಕು ಮಗಾ. ಎಣ್ಣೆ ಬದಲಿಸಬೇಡ. ತಮ್ಮನನ್ನು ಬದಲಿಸು."